ಹುಬ್ಬಳ್ಳಿ-ಧಾರವಾಡದ ಓಣಿ ಅಂಗಡಿಗಳಲ್ಲಿ ಒಳ್ಳೆಯ ಪಿಜ್ಜಾ ಹುಡುಕುವುದು, ಪರೀಕ್ಷಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಪಿಜ್ಜಾದ ವಿಷಯದಲ್ಲಿ ಓದುಗರಿಂದ ನನಗೆ ಬರುವ ದೂರು ಬಹುತೇಕ ಒಂದೇ. ಮೊದಲ ತುಂಡು ಚೆನ್ನಾಗಿತ್ತು, ಮೂರನೆಯದಕ್ಕೆ ಸಾಕೆನಿಸಿತು, ಮನೆಗೆ ಬರುವಷ್ಟರಲ್ಲಿ ಹೊಟ್ಟೆ ಕಲ್ಲಾಗಿತ್ತು. ವಿದ್ಯಾನಗರದವರು ಬರೆದರೂ ಇದೇ, ಸಪ್ತಾಪುರದವರು ಬರೆದರೂ ಇದೇ. ಅಂಗಡಿ ಬದಲಿಸುತ್ತಾರೆ, ದೂರು ಬದಲಾಗುವುದಿಲ್ಲ. ಫೋಟೊದಲ್ಲಿ ಚೀಸ್ ನೋಡಿ ಅಂಗಡಿ ಆರಿಸುತ್ತಾರೆ, ಬಾಯಿ ಸುಡುವಷ್ಟು ಬಿಸಿ ಇರುವಾಗಲೇ ರುಚಿಯ ತೀರ್ಮಾನ ಮಾಡಿ ಮುಗಿಸುತ್ತಾರೆ. ಬಿಸಿ ಮತ್ತು ಉಪ್ಪು ಸೇರಿದರೆ ಎಂಥ ತಪ್ಪನ್ನೂ ಹತ್ತು ನಿಮಿಷ ಮುಚ್ಚಿಡಬಲ್ಲವು.

ಜೋಳದ ರೊಟ್ಟಿಯ ವಿಷಯದಲ್ಲಿ ನಾವು ಹೀಗೆ ಮೋಸ ಹೋಗುವುದಿಲ್ಲ. ಖಾನಾವಳಿಯಲ್ಲಿ ರೊಟ್ಟಿ ತಟ್ಟೆಗೆ ಬಿದ್ದ ಕೂಡಲೇ ಅಂಚು ಮುರಿದು ನೋಡುತ್ತೇವೆ. ರೊಟ್ಟಿ ಹಸಿ ಇದ್ದರೆ ಎಣ್ಣೆಗಾಯಿ ಎಷ್ಟು ರುಚಿಯಾಗಿದ್ದರೂ ಆ ಖಾನಾವಳಿಯನ್ನು ಮನಸ್ಸಿನಿಂದ ತೆಗೆದುಹಾಕುತ್ತೇವೆ. ಪಿಜ್ಜಾ ಕೂಡ ಮೊದಲು ರೊಟ್ಟಿ, ಮೇಲಿನದೆಲ್ಲ ಆಮೇಲೆ. ಆ ಹಳೆಯ ಕಣ್ಣಿನಿಂದಲೇ ಪಿಜ್ಜಾ ನೋಡುವ ಕ್ರಮವನ್ನು ಇಲ್ಲಿ ಕೊಟ್ಟಿದ್ದೇನೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಬಹಳ ಜನ ಸೋಲುವುದು ನೇರವಾಗಿ ಐದನೆಯ ಹಂತದಿಂದ ಶುರು ಮಾಡುವುದರಿಂದ.

ಬೇಕಾಗುವ ಸಾಮಾನು

ನಿಮ್ಮ ಗೇಣು ಎಷ್ಟು ಅಂಗುಲ ಎಂದು ಮನೆಯಲ್ಲೇ ಟೇಪು ಹಿಡಿದು ಅಳೆದುಕೊಳ್ಳಿ. ನನ್ನದು 8.5 ಅಂಗುಲ. ಅಂಗಡಿಯಲ್ಲಿ ಟೇಪು ತೆಗೆದರೆ ಎಲ್ಲರೂ ನೋಡುತ್ತಾರೆ, ಗೇಣು ಇಟ್ಟರೆ ಯಾರಿಗೂ ತಿಳಿಯುವುದಿಲ್ಲ. ಜೊತೆಗೆ ಟಾರ್ಚ್ ಇರುವ ಮೊಬೈಲ್, ಎರಡು ಬಿಳಿಯ ಪೇಪರ್ ನ್ಯಾಪ್‌ಕಿನ್, ಒಂದು ಬಾಟಲಿ ನೀರು, ಒಂದು ಸಣ್ಣ ನೋಟ್‌ಬುಕ್. ತಂಪು ಪಾನೀಯ ಬೇಡ, ಅದರ ಸಿಹಿ ನಾಲಿಗೆಯನ್ನು ಮಂಕು ಮಾಡುತ್ತದೆ.

ಜನ ಮೂವರಿಗಿಂತ ಹೆಚ್ಚು ಬೇಡ. ಹುಟ್ಟುಹಬ್ಬದ ದಿನ ಹೊಸ ಅಂಗಡಿ ಪರೀಕ್ಷಿಸಲು ಹೋಗಲೇಬೇಡಿ.

1. ಮನೆಯಲ್ಲಿ ಕುಳಿತೇ ಪಟ್ಟಿ ಮಾಡಿಕೊಳ್ಳಿ

ಮೊಬೈಲ್ ನಕ್ಷೆಯಲ್ಲಿ ಪಿಜ್ಜಾ ಎಂದು ಹುಡುಕಿದರೆ ಗೋಕುಲ ರಸ್ತೆಯಿಂದ ಜುಬಿಲಿ ಸರ್ಕಲ್‌ವರೆಗೆ ಹೆಸರುಗಳ ಸಾಲೇ ಬರುತ್ತದೆ. ನಕ್ಷತ್ರಗಳ ಸಂಖ್ಯೆಯನ್ನು ಬದಿಗಿಡಿ. ಅಭಿಪ್ರಾಯಗಳನ್ನು ಹೊಸದು ಮೊದಲು ಬರುವಂತೆ ಜೋಡಿಸಿ, ಮೂರು ನಕ್ಷತ್ರ ಕೊಟ್ಟವರ ಮಾತನ್ನು ಮೊದಲು ಓದಿ. ಐದು ಕೊಟ್ಟವರು ಖುಷಿಯಲ್ಲಿರುತ್ತಾರೆ, ಒಂದು ಕೊಟ್ಟವರು ಸಿಟ್ಟಿನಲ್ಲಿರುತ್ತಾರೆ, ಮೂರು ಕೊಟ್ಟವರು ಮಾತ್ರ ಏನು ಸರಿ ಇತ್ತು, ಏನು ಇರಲಿಲ್ಲ ಎಂದು ಬಿಡಿಸಿ ಬರೆಯುತ್ತಾರೆ. 'ಬೇಸ್' (ಕೆಳಗಿನ ರೊಟ್ಟಿ), 'ಕ್ರಸ್ಟ್' (ಅಂಚು), 'ಹಸಿ', 'ರಬ್ಬರ್' ಎಂಬ ಪದಗಳು ಎಲ್ಲಿ ಬರುತ್ತವೆ ನೋಡಿ.

ಫೋಟೊಗಳಲ್ಲಿ ಅಂಗಡಿಯವರು ಹಾಕಿದ್ದು ಬೇಡ, ಗ್ರಾಹಕರು ಹಾಕಿದ್ದನ್ನು ನೋಡಿ. ಚೀಸ್ ದಾರದಂತೆ ಎಳೆದಿರುವ ಚಿತ್ರದಿಂದ ಏನೂ ತಿಳಿಯುವುದಿಲ್ಲ. ತುಂಡಿನ ಪಕ್ಕದ ನೋಟ, ಅಂಚಿನ ಬಣ್ಣ ಕಾಣುವ ಒಂದು ಚಿತ್ರ ಸಿಕ್ಕರೂ ಸಾಕು. ಅಂಚು ಪಾವಿನಂತೆ ಬೆಳ್ಳಗಿದೆಯೋ, ಅಲ್ಲಲ್ಲಿ ಕಂದು ಗುಳ್ಳೆ ಎದ್ದಿದೆಯೋ ಅಷ್ಟನ್ನು ಗುರುತಿಸಿಕೊಳ್ಳಿ.

ನಕ್ಷೆಗಿಂತ ಒಳ್ಳೆಯ ಮೂಲಗಳು ಊರಿನಲ್ಲೇ ಇವೆ. ನಿಮ್ಮ ಓಣಿಯ ಬೇಕರಿಯವರನ್ನು ಕೇಳಿ. ಅವರಲ್ಲಿ ಅನೇಕರು ಪಿಜ್ಜಾ ಬೇಸ್ ತಯಾರಿಸಿ ಸುತ್ತಲಿನ ಅಂಗಡಿಗಳಿಗೆ ಕೊಡುತ್ತಾರೆ. ಯಾರು ಬೇಸ್ ಕೊಳ್ಳುತ್ತಾರೆ, ಯಾರು ಕೊಳ್ಳುವುದಿಲ್ಲ ಎಂಬುದು ಅವರಿಗೆ ಬಾಯಿಪಾಠ. ಮೈದಾ ಮತ್ತು ಯೀಸ್ಟ್ ಮಾತ್ರ ಒಯ್ಯುವ ಅಂಗಡಿ ಯಾವುದು ಎಂದು ಕೇಳಿದರೆ ನಿಮ್ಮ ಪಟ್ಟಿ ಅರ್ಧ ಮುಗಿದಂತೆ. ಇನ್ನೊಂದು ಮೂಲ ಡೆಲಿವರಿ ಹುಡುಗರು. ಅವರು ಅಡುಗೆಮನೆಯ ಬಾಗಿಲಲ್ಲೇ ನಿಂತು ಕಾಯುವವರು. "ತಮ್ಮಾ, ನೀನಾದರೆ ಎಲ್ಲಿ ತಿನ್ನುತ್ತೀಯಾ?" ಎಂದು ಕೇಳಿ ನೋಡಿ. ನನಗೆ ಈ ಪ್ರಶ್ನೆಗೆ ಸಿಕ್ಕ ಉತ್ತರಗಳು ಸುಳ್ಳಾದದ್ದು ಕಡಿಮೆ.

ಪಟ್ಟಿಯಿಂದ ಕೆಲವನ್ನು ಈಗಲೇ ತೆಗೆಯಬಹುದು. ಗೋಬಿ ಮಂಚೂರಿ, ಮೋಮೊ, ಶವರ್ಮಾ, ಸ್ಯಾಂಡ್‌ವಿಚ್, ಜ್ಯೂಸ್ ಎಲ್ಲ ಸೇರಿ ನೂರಿಪ್ಪತ್ತು ಬಗೆ ಮಾಡುವ ಅಂಗಡಿಗೆ ಹಿಟ್ಟು ಹುದುಗು ಬರಿಸುತ್ತ ಕೂರುವ ಪುರುಸೊತ್ತು ಇರುವುದಿಲ್ಲ. ಅಲ್ಲಿ ಪಿಜ್ಜಾ ತಿನ್ನಬಾರದು ಎಂದೇನಿಲ್ಲ, ಆದರೆ ಹುಡುಕಿಕೊಂಡು ಹೋಗುವ ಜಾಗ ಅದಲ್ಲ. ಮೂರು ಅಂಗಡಿ ಉಳಿದರೆ ಸಾಕು. ಗದಗ, ಹಾವೇರಿಯ ಓದುಗರು, ಅಂಗಡಿಗಳು ಕಡಿಮೆ ಇದ್ದರೆ, ಈ ಹಂತವನ್ನು ಬಿಟ್ಟು, ಹತ್ತಿರ ಇರುವ ಅಂಗಡಿಗೆ ಹೋಗಿ ಮುಂದಿನದರಿಂದ ಶುರು ಮಾಡಬಹುದು.

2. ಹೋಗುವ ಹೊತ್ತು

ವಾರದ ನಡುವಿನ ದಿನ, ಸಂಜೆ ಆರೂವರೆಯಿಂದ ಏಳೂಕಾಲರ ಒಳಗೆ ಹೋಗಿ. ಅಂಗಡಿ ತೆರೆದ ಕೂಡಲೇ ಹೋದರೆ ಓವನ್ನಿನ ಗಾಳಿ ಕಾದಿರುತ್ತದೆ, ತಳದ ಕಲ್ಲು ಅಥವಾ ತಗಡು ಕಾದಿರುವುದಿಲ್ಲ. ಮೊದಲ ರೊಟ್ಟಿ ತವೆಗೆ ಅಂಟುವುದೂ ಇದೇ ಕಾರಣಕ್ಕೆ. ಶನಿವಾರ, ಭಾನುವಾರ ರಾತ್ರಿ ಎಂಟರಿಂದ ಒಂಬತ್ತೂವರೆ ಬೇಡವೇ ಬೇಡ. ಗದ್ದಲದಲ್ಲಿ ಒಳ್ಳೆಯ ಅಡುಗೆಯವನೂ ಎರಡು ನಿಮಿಷ ಮೊದಲೇ ಓವನ್ ತೆರೆಯುತ್ತಾನೆ.

ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಏಪ್ರಿಲ್, ಮೇ ತಿಂಗಳ ಹುಬ್ಬಳ್ಳಿಯ ಸೆಕೆಯಲ್ಲಿ ಹೊರಗಿಟ್ಟ ಹಿಟ್ಟು ಮಧ್ಯಾಹ್ನದೊಳಗೇ ಅತಿಯಾಗಿ ಹುದುಗು ಬರುತ್ತದೆ. ಅಂಥ ಹಿಟ್ಟಿನಲ್ಲಿರುವ ಸಕ್ಕರೆಯನ್ನು ಯೀಸ್ಟ್ ತಿಂದು ಮುಗಿಸಿರುವುದರಿಂದ ಬೇಯಿಸಿದರೂ ಬಣ್ಣ ಬರುವುದಿಲ್ಲ, ಹುಳಿ ವಾಸನೆ ಮಾತ್ರ ಬರುತ್ತದೆ. ಡಿಸೆಂಬರ್‌ನ ಧಾರವಾಡದ ಚಳಿಯಲ್ಲಿ ಇದಕ್ಕೆ ವಿರುದ್ಧ: ಹಿಟ್ಟು ಉಬ್ಬದೆ ಬೇಸ್ ಗಟ್ಟಿಯಾಗುತ್ತದೆ. ಈ ಎರಡು ಕಾಲದಲ್ಲೂ ಚೆನ್ನಾಗಿ ಮಾಡುವ ಅಂಗಡಿ ಸಿಕ್ಕರೆ ಅಲ್ಲಿ ಫ್ರಿಜ್‌ನ ಬಳಕೆ ಬಲ್ಲವರಿದ್ದಾರೆ ಎಂದು ತಿಳಿಯಿರಿ.

3. ಕೂರುವ ಮುನ್ನ ಒಂದು ಸುತ್ತು ನೋಡಿ

ಮೊದಲು ಗೋಡೆ ನೋಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಕಾಣುವ ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ಹಿಂದಕ್ಕೆ ಬನ್ನಿ.

ಆಮೇಲೆ ಓವನ್. ಅಡುಗೆಮನೆ ಪೂರ್ತಿ ಕಾಣದಿದ್ದರೂ ಪಾರ್ಸಲ್ ಕಿಟಕಿಯಿಂದ ಅಷ್ಟಿಷ್ಟು ಕಾಣುತ್ತದೆ. ನಮ್ಮ ಊರಿನ ಸಣ್ಣ ಅಂಗಡಿಗಳಲ್ಲಿ ವಿದ್ಯುತ್ ಅಥವಾ ಗ್ಯಾಸಿನ ಡೆಕ್ ಓವನ್, ಅಂದರೆ ಕಾದ ಕಲ್ಲು ಅಥವಾ ತಗಡಿನ ತಳದ ಮೇಲೆ ಬೇಯಿಸುವ ಓವನ್, ಇದ್ದರೆ ಒಳ್ಳೆಯದು. ಅದು 250ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ, ತಳದಿಂದಲೂ ಶಾಖ ಕೊಡುತ್ತದೆ. ಪಿಜ್ಜಾ ಚಲಿಸುವ ಪಟ್ಟಿಯ ಮೇಲೆ ಒಂದು ಬದಿಯಿಂದ ಒಳಗೆ ಹೋಗಿ ಇನ್ನೊಂದು ಬದಿಯಿಂದ ಹೊರಬರುವ ಪಟ್ಟಿ ಓವನ್, ಒಂದೇ ಹೆಸರಿನಲ್ಲಿ ಹಲವು ಶಾಖೆ ಇರುವ ಸರಪಳಿ ಅಂಗಡಿಗಳಲ್ಲಿ ಇರುತ್ತದೆ. ಅದರ ಪಿಜ್ಜಾ ಬಹಳ ಕೆಡುವುದೂ ಇಲ್ಲ, ಬಹಳ ಏಳುವುದೂ ಇಲ್ಲ. ಮನೆಯ ಒಟಿಜಿಯಂಥ ಸಣ್ಣ ಓವನ್ 250 ಡಿಗ್ರಿ ತಲುಪಿದರೂ ಎರಡು ಸಲ ಬಾಗಿಲು ತೆರೆದರೆ ತಣ್ಣಗಾಗಿಬಿಡುತ್ತದೆ. ಮೈಕ್ರೋವೇವ್ ಒಂದೇ ಕಂಡರೆ ಅಲ್ಲಿ ಚಹಾ ಕುಡಿದು ಎದ್ದು ಬನ್ನಿ. ಮೈಕ್ರೋವೇವ್ ಬೇಸನ್ನು ಸುಡುವುದಿಲ್ಲ, ಒಳಗಿನ ನೀರನ್ನು ಆವಿ ಮಾಡಿ ಚರ್ಮ ಮಾಡುತ್ತದೆ.

ಕಟ್ಟಿಗೆ ಓವನ್ ಇದೆ ಎಂಬ ಫಲಕ ಕಂಡ ಮಾತ್ರಕ್ಕೆ ಮರುಳಾಗಬೇಡಿ. ಇಟಲಿಯ ನೇಪಲ್ಸ್ ಪದ್ಧತಿಯ ಕಟ್ಟಿಗೆ ಓವನ್ 430 ಡಿಗ್ರಿಗೂ ಮೇಲೆ ಕಾದು 60ರಿಂದ 90 ಸೆಕೆಂಡುಗಳಲ್ಲಿ ಪಿಜ್ಜಾ ಬೇಯಿಸುತ್ತದೆ. ಫಲಕದಲ್ಲಿ ಕಟ್ಟಿಗೆ ಇದ್ದು ಪಿಜ್ಜಾ ಎಂಟು ನಿಮಿಷ ಒಳಗಿದ್ದರೆ ಅಲ್ಲಿ ಬೆಂಕಿ ಸಾಲದು.

ಸಸ್ಯಾಹಾರಿಗಳು ಇನ್ನೊಂದು ಕಡೆ ಕಣ್ಣಿಡಬೇಕು: ಪಿಜ್ಜಾ ಕತ್ತರಿಸುವ ಚಕ್ರ. ಚಿಕನ್ ಪಿಜ್ಜಾ ಕತ್ತರಿಸಿದ ಚಕ್ರವನ್ನೇ ಒರೆಸಿ ಪನೀರ್ ಪಿಜ್ಜಾಕ್ಕೆ ಹಚ್ಚುವುದು ತೀರಾ ಸಾಮಾನ್ಯ. ಬೇರೆ ಚಕ್ರ ಇದೆಯೇ ಎಂದು ಕೇಳಲು ಸಂಕೋಚ ಬೇಡ.

4. ಕೌಂಟರ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು

ತಪಾಸಣೆಗೆ ಬಂದ ಅಧಿಕಾರಿಯಂತೆ ಕೇಳಬೇಡಿ. ಕಷ್ಟಪಟ್ಟು ಅಂಗಡಿ ನಡೆಸುವವರು ಅವರು. ತಿಳಿಯುವ ಆಸೆಯಿಂದ ಕೇಳಿದರೆ ಬಹಳಷ್ಟು ಜನ ಸಂತೋಷದಿಂದ ಹೇಳುತ್ತಾರೆ.

"ಅಣ್ಣಾ, ಬೇಸ್ ಇಲ್ಲಿಯೇ ಮಾಡುತ್ತೀರಾ, ತರಿಸುತ್ತೀರಾ?" ಇದು ಮೊದಲನೆಯದು. "ಬೇಕರಿಯಿಂದ ತರಿಸುತ್ತೇವೆ" ಎಂದು ನೇರವಾಗಿ ಹೇಳಿದರೆ ಆ ಅಂಗಡಿಗೆ ನನ್ನ ಲೆಕ್ಕದಲ್ಲಿ ಒಂದು ಅಂಕ ಹೆಚ್ಚು. ಅಂದಂದಿನ ಬೇಸ್ ತರಿಸಿ, ಮೊದಲು ಅದನ್ನಷ್ಟೇ ಓವನ್ನಿನಲ್ಲಿ ಬಿಸಿ ಮಾಡಿ, ಆಮೇಲೆ ಸಾಸ್ ಹಚ್ಚುವವರ ಪಿಜ್ಜಾ ತಕ್ಕಮಟ್ಟಿಗೆ ಚೆನ್ನಾಗಿಯೇ ಇರುತ್ತದೆ. "ಎಲ್ಲ ಫ್ರೆಶ್, ಎಲ್ಲ ನಮ್ಮದೇ" ಎಂದು ಹಾರಿಸಿ ಹೇಳಿದರೆ ಎರಡನೆಯ ಪ್ರಶ್ನೆ ಕೇಳಿ: "ಹಿಟ್ಟು ಯಾವಾಗ ಕಲಸಿದ್ದು?" ನಿಜವಾಗಿ ಕಲಸುವವರಿಗೆ ಇದಕ್ಕೆ ತಕ್ಷಣ ಉತ್ತರ ಇರುತ್ತದೆ: ನಿನ್ನೆ ರಾತ್ರಿ, ಇವತ್ತು ಬೆಳಿಗ್ಗೆ ಎಂಟಕ್ಕೆ, ಎರಡು ದಿನ ಫ್ರಿಜ್‌ನಲ್ಲಿತ್ತು. 24ರಿಂದ 72 ಗಂಟೆ ಫ್ರಿಜ್‌ನಲ್ಲಿ ನಿಧಾನವಾಗಿ ಹುದುಗು ಬಂದ ಹಿಟ್ಟೇ ರುಚಿಯಲ್ಲಿ ಮೇಲು. ಕಲಸದವರು ಪಕ್ಕದವರ ಮುಖ ನೋಡುತ್ತಾರೆ.

"ಚೀಸ್ ಪ್ಯಾಕೆಟ್ ಒಮ್ಮೆ ನೋಡಬಹುದಾ?" ಇದು ಮೂರನೆಯದು. ಹಾಲಿನ ಕೊಬ್ಬಿನ ಬದಲು ತಾಳೆ ಎಣ್ಣೆಯಂಥ ಸಸ್ಯದ ಎಣ್ಣೆ ಹಾಕಿ ಮಾಡಿದ ಪದಾರ್ಥವನ್ನು ಬರೀ ಚೀಸ್ ಎಂದು ಕರೆದು ಮಾರುವಂತಿಲ್ಲ. ಪ್ಯಾಕೆಟ್ ಮೇಲೆ 'ಅನಲಾಗ್' ಎಂಬ ಪದ ಇರಲೇಬೇಕು. ಪದಾರ್ಥಗಳ ಪಟ್ಟಿಯಲ್ಲಿ ಹಾಲಿಗಿಂತ ಮೊದಲು ಎಣ್ಣೆ ಮತ್ತು ಸ್ಟಾರ್ಚ್ ಬಂದರೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಜೈನ ಪಿಜ್ಜಾ ಬೇಕಾದವರು ಸಾಸ್ ಬಗ್ಗೆ ಬೇರೆಯಾಗಿ ಕೇಳಬೇಕು. ಮೇಲೆ ಉಳ್ಳಾಗಡ್ಡಿ ಹಾಕದಿದ್ದರೂ ಸಿದ್ಧ ಸಾಸ್‌ನಲ್ಲಿ ಸಾಮಾನ್ಯವಾಗಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ಇರುತ್ತವೆ. ಮೆನುವಿನಲ್ಲಿ ಪಾರ್ಮೆಸಾನ್ ಎಂದಿದ್ದರೆ ಕಟ್ಟುನಿಟ್ಟಿನ ಸಸ್ಯಾಹಾರಿಗಳು ಅದನ್ನೂ ವಿಚಾರಿಸಿಕೊಳ್ಳಲಿ. ಇಟಲಿಯ ಅಸಲಿ ಪಾರ್ಮೆಸಾನ್‌ಗೆ ಹಾಲು ಒಡೆಯಲು ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್.

5. ಏನು ಆರ್ಡರ್ ಮಾಡಬೇಕು

ಮಾರ್ಗರೀಟಾ, ಅಂದರೆ ಸಾಸ್ ಮತ್ತು ಚೀಸ್ ಬಿಟ್ಟರೆ ಮೇಲೆ ಹೆಚ್ಚೇನೂ ಇಲ್ಲದ ಪಿಜ್ಜಾ. ಒಂದೇ ಒಂದು. ಹೆಚ್ಚುವರಿ ಚೀಸ್ ಬೇಡ, ಚೀಸ್ ತುಂಬಿದ ಅಂಚು ಬೇಡ.

ಓದುಗರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಮೊದಲ ಭೇಟಿಯಲ್ಲೇ ಪನೀರ್ ಟಿಕ್ಕಾ, ಮೆಕ್ಕೆಜೋಳ, ಢಬ್ಬು ಮೆಣಸಿನಕಾಯಿ, ಹಲಪೆನೊ ಎಲ್ಲ ಇರುವುದನ್ನು ಹೇಳುತ್ತಾರೆ. ಮೇಲೆ ಆರು ಪದಾರ್ಥ ಇದ್ದರೆ ಕೆಳಗಿನ ಮೂರು, ಅಂದರೆ ಬೇಸ್, ಸಾಸ್, ಚೀಸ್, ಯಾವುದೂ ನಾಲಿಗೆಗೆ ಬೇರೆಯಾಗಿ ಸಿಗುವುದಿಲ್ಲ. ಅಲ್ಲದೆ ಹಸಿ ತರಕಾರಿ ಬೇಯುವಾಗ ನೀರು ಬಿಡುತ್ತದೆ, ಆ ನೀರು ನೇರವಾಗಿ ಬೇಸ್‌ಗೆ ಇಳಿಯುತ್ತದೆ. ಮಾರ್ಗರೀಟಾದಲ್ಲಿ ಅಡಗಿಸಲು ಜಾಗವಿಲ್ಲ. ಖಾನಾವಳಿಯ ಬಿಸಿ ರೊಟ್ಟಿಯನ್ನು ಬರೀ ಬೆಣ್ಣೆಯ ಜೊತೆ ತಿಂದು ನೋಡಿದಂತೆ ಇದು.

ಗಾತ್ರ ಮಧ್ಯಮದ್ದಿರಲಿ. ತೀರಾ ಸಣ್ಣದರಲ್ಲಿ ನಡುಭಾಗವೇ ಇರುವುದಿಲ್ಲ, ಪರೀಕ್ಷೆ ನಡೆಯುವುದು ನಡುಭಾಗದಲ್ಲಿ.

6. ಕಾಯುವಾಗ ಗಡಿಯಾರ ನೋಡಿ

ಡೆಕ್ ಓವನ್ ಇರುವ ಅಂಗಡಿಯಲ್ಲಿ ಹಸಿ ಹಿಟ್ಟಿನಿಂದ ಪಿಜ್ಜಾ ಮಾಡಲು, ತಟ್ಟುವುದು, ಹಚ್ಚುವುದು, ಬೇಯಿಸುವುದು ಸೇರಿ, 12ರಿಂದ 20 ನಿಮಿಷ ಬೇಕು. ಐದು ನಿಮಿಷದಲ್ಲಿ ಮೇಜಿಗೆ ಬಂದರೆ ಅದು ಮೊದಲೇ ಜೋಡಿಸಿಟ್ಟಿದ್ದು. ಖಾಲಿ ಅಂಗಡಿಯಲ್ಲಿ ನಲವತ್ತು ನಿಮಿಷವಾದರೆ ನೀವು ಬಂದ ಮೇಲೆ ಓವನ್ ಹಚ್ಚಿದ್ದಾರೆ.

ಕಾಣುವಂತಿದ್ದರೆ ಹಿಟ್ಟು ಬಿಡಿಸುವ ಕೈಯನ್ನು ನೋಡಿ. ಕೇಶ್ವಾಪುರದ ಒಂದು ಸಣ್ಣ ಅಂಗಡಿಯಲ್ಲಿ ನಾನು ಇದಕ್ಕೆಂದೇ ಕೌಂಟರ್ ಪಕ್ಕ ನಿಲ್ಲುತ್ತೇನೆ. ಆ ಹುಡುಗ ಡಬ್ಬಿಯಿಂದ ಹಿಟ್ಟಿನ ಉಂಡೆ ತೆಗೆದ ಕೂಡಲೇ ಕೈ ಹಚ್ಚುವುದಿಲ್ಲ, ತಂಪು ಇಳಿಯಲು ಬಿಡುತ್ತಾನೆ. ಮೇಜಿಗೆ ಸಣ್ಣ ರವೆ ಉದುರಿಸಿ, ನಡುವಿನಿಂದ ಹೊರಕ್ಕೆ ಬೆರಳ ತುದಿಯಿಂದ ಒತ್ತುತ್ತ ಹೋಗುತ್ತಾನೆ. ಅಂಚಿನ ಒಂದು ಬೆರಳಗಲವನ್ನು ಮುಟ್ಟುವುದೇ ಇಲ್ಲ. ಒತ್ತಿದ ಗಾಳಿಯೆಲ್ಲ ಅಂಚಿಗೆ ಸರಿದು ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತದೆ. ಅವನು ಅದನ್ನು ಚುಚ್ಚುವುದಿಲ್ಲ. ಓವನ್ನಿನಲ್ಲಿ ಆ ಗುಳ್ಳೆಗಳೇ ಕಂದು ಕಲೆಗಳಾಗುತ್ತವೆ. ಇದೇ ಉಂಡೆಯನ್ನು ಲಟ್ಟಣಿಗೆಯಿಂದ ಲಟ್ಟಿಸಿದರೆ ಗಾಳಿ ಪೂರ್ತಿ ಹೊರಟುಹೋಗಿ ಪಿಜ್ಜಾ ದಪ್ಪ ಚಪಾತಿಯಾಗುತ್ತದೆ. ಲಟ್ಟಣಿಗೆ ಕಂಡರೆ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ.

7. ತಳವನ್ನು ಪರೀಕ್ಷಿಸಿ

ಪಿಜ್ಜಾ ಬಂದ ಕೂಡಲೇ ತಿನ್ನಬೇಡಿ. ಒಂದು ತುಂಡನ್ನು ಅಂಚು ಹಿಡಿದು ಎತ್ತಿ. ತುದಿ ಸ್ವಲ್ಪ ಬಾಗಿದರೆ ತಪ್ಪಲ್ಲ. ಆದರೆ ಇಡೀ ತುಂಡು ಒದ್ದೆ ಬಟ್ಟೆಯಂತೆ ಜೋತುಬಿದ್ದು ಮೇಲಿನದೆಲ್ಲ ಜಾರಿದರೆ ತಳ ಬೆಂದಿಲ್ಲ.

ಈಗ ತುಂಡನ್ನು ಮಗುಚಿ, ಮೊಬೈಲ್ ಟಾರ್ಚ್ ಹಿಡಿದು ನೋಡಿ. ಚೆನ್ನಾಗಿ ಬೆಂದ ತಳ ನಮ್ಮ ಬಿಸಿ ರೊಟ್ಟಿಯ ಬೆನ್ನಿನಂತೆ ಇರುತ್ತದೆ: ಹೊಂಬಣ್ಣದ ನೆಲದ ಮೇಲೆ ಕಂದು ಚುಕ್ಕೆಗಳು, ಕೆಲವು ದೊಡ್ಡವು, ಕೆಲವು ಸಣ್ಣವು. ಒಂದೇ ಸಮ ಬೆಳ್ಳಗಿದ್ದು ಸಣ್ಣ ಸಣ್ಣ ಚುಚ್ಚಿದ ತೂತುಗಳು ಸಾಲಾಗಿ ಕಂಡರೆ ಅದು ಪ್ಯಾಕೆಟ್ ಬೇಸ್. ಒಂದೇ ಸಮ ಕಂದಾಗಿ ಎಣ್ಣೆ ಹೊಳೆಯುತ್ತಿದ್ದರೆ ತಟ್ಟೆಗೆ ಎಣ್ಣೆ ಸುರಿದು ಕರಿದಿದ್ದಾರೆ. ಬೆರಳಿಗೆ ಕಪ್ಪು ಮಸಿ ಹತ್ತಿದರೆ ಓವನ್ನಿನ ತಳ ಒರೆಸಿಲ್ಲ, ಹಿಂದಿನ ಪಿಜ್ಜಾದ ಹಿಟ್ಟು ಸುಟ್ಟು ಅಂಟಿಕೊಂಡಿದೆ. ಚುಕ್ಕೆಯಾಗಿ ಸುಟ್ಟಿದ್ದು ರುಚಿ, ಮಸಿಯಾಗಿ ಸುಟ್ಟಿದ್ದು ಕಹಿ.

ಇನ್ನು ಬಹುಮುಖ್ಯವಾದ ನೋಟ. ತುಂಡನ್ನು ಪಕ್ಕದಿಂದ, ಕತ್ತರಿಸಿದ ಬದಿಯಿಂದ ನೋಡಿ. ಸಾಸ್‌ನ ಕೆಳಗೆ ತೆಳ್ಳಗೆ, ಒದ್ದೆಯಾಗಿ, ಹೊಳೆಯುವ ಬಿಳಿಯ ಗೆರೆ ಇದೆಯೇ? ನಾನು ಇದನ್ನು ಗೋಂದು ಪದರ ಎನ್ನುತ್ತೇನೆ. ನನ್ನ ತಂಗಿಯ ಮಗಳ ಹುಟ್ಟುಹಬ್ಬಕ್ಕೆ ಹನ್ನೊಂದು ಜನ ಒಂದು ಅಂಗಡಿಗೆ ಹೋಗಿ ಎಲ್ಲವನ್ನೂ ಹೆಚ್ಚುವರಿ ಚೀಸ್ ಹಾಕಿಸಿ ತರಿಸಿದ್ದೆವು. ಮಕ್ಕಳು ಮೇಲಿನದನ್ನು ತಿಂದು ಕೆಳಗಿನದನ್ನು ತಟ್ಟೆಯಲ್ಲೇ ಬಿಟ್ಟರು. ನಾವು ಅನ್ನ ಚೆಲ್ಲಿದವರನ್ನು ಬೈಯುವಂತೆ ಬೈದೆವು. ಆಮೇಲೆ ನಾನು ಒಂದು ತುಂಡು ಎತ್ತಿ ಬೆರಳಿಂದ ಒತ್ತಿದೆ. ಸಾಸ್‌ನ ಕೆಳಗೆ ಹಸಿ ಮೈದಾ ಗಾಳಿಪಟಕ್ಕೆ ಹಚ್ಚುವ ಅಂಟಿನಂತೆ ಬೆರಳಿಗೆ ಮೆತ್ತಿಕೊಂಡಿತು, ಎರಡು ಬೆರಳು ಬಿಡಿಸಿದರೆ ಎಳೆ ಎಳೆಯಾಗಿ ಬಂತು. ಮಕ್ಕಳ ನಾಲಿಗೆ ಸರಿಯಾಗಿತ್ತು. ಅಂದಿನಿಂದ ಪಕ್ಕದ ನೋಟ ನೋಡದೆ ನಾನು ತುಂಡು ಬಾಯಿಗಿಟ್ಟಿಲ್ಲ.

ಈ ಪದರ ಬರಲು ಕಾರಣಗಳು: ಓವನ್ ಸಾಕಷ್ಟು ಕಾದಿಲ್ಲ, ಸಾಸ್ ಹೆಚ್ಚಾಗಿದೆ ಅಥವಾ ನೀರಾಗಿದೆ, ಫ್ರಿಜ್‌ನಿಂದ ತೆಗೆದ ತಣ್ಣನೆಯ ಹಿಟ್ಟನ್ನೇ ಬಿಡಿಸಿದ್ದಾರೆ, ಮೇಲಿನ ಭಾರ ಅತಿಯಾಗಿದೆ. ಹೆಚ್ಚುವರಿ ಚೀಸ್ ಕೇಳಿದಾಗ ನಾವೇ ಆ ಭಾರ ಹೇರುತ್ತೇವೆ. ಗೋಂದು ಪದರ ಕಂಡರೆ ವಿನಯದಿಂದ ಹಿಂದಕ್ಕೆ ಕೊಟ್ಟು "ಇನ್ನು ಎರಡು ನಿಮಿಷ ಬೇಯಿಸಿ ಕೊಡಿ" ಎನ್ನಿ. ಮನೆಯಲ್ಲಿ ಹಸಿ ರೊಟ್ಟಿಯನ್ನು ತಿರುಗಿ ತವೆಗೆ ಹಾಕುವುದಿಲ್ಲವೇ? ಅಂಗಡಿಯವರು ಮುಖ ಗಂಟಿಕ್ಕದೆ ತೆಗೆದುಕೊಂಡರೆ ಅದನ್ನೂ ಬರೆದುಕೊಳ್ಳಿ.

ಕೊನೆಗೆ ಅಂಚು. ಬರೀ ಅಂಚನ್ನು ಮುರಿದು ತಿನ್ನಿ. ಒಳಗೆ ಸಣ್ಣ ದೊಡ್ಡ ರಂಧ್ರಗಳಿದ್ದು ಮೊದಲು ಗರಿ, ಆಮೇಲೆ ಮೆತ್ತಗೆ ಇರಬೇಕು. ಅಂಚನ್ನು ತಟ್ಟೆಯಲ್ಲಿ ಬಿಡುವ ಮನಸ್ಸಾದರೆ ಉಳಿದದ್ದರ ಬಗ್ಗೆ ಹೆಚ್ಚು ಯೋಚಿಸುವುದೇ ಬೇಡ.

8. ಸಾಸ್ ಮತ್ತು ಚೀಸ್

ಮೊದಲ ತುಂಡಿಗೆ ಚಿಲ್ಲಿ ಫ್ಲೇಕ್ಸ್, ಓರೆಗಾನೊ ಏನನ್ನೂ ಉದುರಿಸಬೇಡಿ. ಸಾಸ್ ಅನ್ನು ಒಂದಿಷ್ಟು ಬೆರಳಲ್ಲಿ ತೆಗೆದು ಚೀಪಿ ನೋಡಿ. ಮೊದಲು ಸಿಹಿ, ಬೆನ್ನಿಗೇ ವಿನೆಗರ್ ಹುಳಿ ಬಂದರೆ ಅದರಲ್ಲಿ ಕೆಚಪ್ ಬೆರೆತಿದೆ. ಟೊಮೆಟೊ ಬೇಯಿಸಿದ ಸಾಸ್‌ನಲ್ಲಿ ಹುಳಿ ಮೊದಲು, ಸಿಹಿ ಆಮೇಲೆ, ತಿಳಿಯಾಗಿ ಬಳ್ಳೊಳ್ಳಿ ವಾಸನೆ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಸೀಮೆ ನಮ್ಮದು. ಅದನ್ನು ಕುಟ್ಟಿ ಮೇಜಿನ ಮೇಲೆ ಇಟ್ಟಿರುವ ಅಂಗಡಿ ಕಂಡರೆ ಎರಡನೆಯ ತುಂಡಿಗೆ ಧಾರಾಳವಾಗಿ ಹಾಕಿಕೊಳ್ಳಿ. ಅದರ ಬಣ್ಣ ಹೆಚ್ಚು, ಖಾರ ಕಡಿಮೆ.

ಚೀಸ್ ದಾರದಂತೆ ಎಳೆದರೆ ಅಸಲಿ ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಅನಲಾಗ್ ತಯಾರಿಸುವವರು ಅದು ಎಳೆಯುವಂತೆಯೇ ತಯಾರಿಸುತ್ತಾರೆ. ಮೂಗು ಮತ್ತು ಬಣ್ಣವನ್ನು ನಂಬಿ. ಪಿಜ್ಜಾಕ್ಕೆ ಹಾಕುವ ಹಾಲಿನ ಚೀಸ್ ಮೊಝರೆಲ್ಲಾ ಬೆಂದಾಗ ಕಾಯಿಸಿದ ಹಾಲಿನ ವಾಸನೆ ಬರುತ್ತದೆ, ಮೇಲೆ ಅಲ್ಲಲ್ಲಿ ಕಂದು ಕಲೆ ಮೂಡುತ್ತದೆ. ನುಂಗಿದ ಮೇಲೆ ಅಂಗುಳಕ್ಕೆ ಮೇಣದಂಥ ಪದರ ಅಂಟಿ, ನೀರು ಕುಡಿದರೂ ಹೋಗದಿದ್ದರೆ ಸಸ್ಯದ ಎಣ್ಣೆಯ ಗುರುತು ಅದು. ನ್ಯಾಪ್‌ಕಿನ್ ಅನ್ನು ಮೇಲೆ ಮೆಲ್ಲಗೆ ಒತ್ತಿ ತೆಗೆಯಿರಿ. ಸ್ವಲ್ಪ ಎಣ್ಣೆ ಸಹಜ, ಇಡೀ ಕಾಗದ ಪಾರದರ್ಶಕವಾದರೆ ಸಹಜವಲ್ಲ.

ಒಂದು ಸರಳ ಲೆಕ್ಕ ತಲೆಯಲ್ಲಿರಲಿ. ಹಸುವಿನ ಹಾಲಾದರೆ ಒಂದು ಕಿಲೊ ಮೊಝರೆಲ್ಲಾಕ್ಕೆ ಸುಮಾರು 10 ಲೀಟರ್ ಬೇಕು. 8 ಅಂಗುಲದ ಪಿಜ್ಜಾಕ್ಕೆ 70 ಗ್ರಾಂ ಹಾಕಿದರೂ 700 ಮಿಲಿಲೀಟರ್ ಹಾಲು. ಹಾಲಿನ ಇಂದಿನ ದರ ನಿಮಗೆ ಗೊತ್ತು. ಅದಕ್ಕೆ ಮೈದಾ, ಗ್ಯಾಸ್, ಬಾಡಿಗೆ, ಕೂಲಿ ಸೇರಿಸಿ. 79 ರೂಪಾಯಿಗೆ 'ಡಬಲ್ ಚೀಸ್' ಹೇಗೆ ಕೊಡುತ್ತಾರೆ ಎಂಬುದಕ್ಕೆ ಉತ್ತರ ನಿಮಗೇ ಹೊಳೆಯುತ್ತದೆ.

9. ಹತ್ತು ನಿಮಿಷ ಬಿಡಿ

ಒಂದು ತುಂಡನ್ನು ತಟ್ಟೆಯ ಬದಿಗೆ ಇಟ್ಟು ಮಾತಾಡುತ್ತ ಕುಳಿತುಕೊಳ್ಳಿ. ಈ ಹತ್ತು ನಿಮಿಷ ಕಾಯಲಾರದೆ ಎಷ್ಟೋ ಜನ ತಪ್ಪು ಅಂಗಡಿಗೆ ಹತ್ತು ಸಲ ಹೋಗುತ್ತಾರೆ.

ತಣಿದ ತುಂಡನ್ನು ತಿಂದಾಗ ಬೇಸ್ ಹಲ್ಲಿಗೆ ಎಳೆದಾಡುತ್ತದೆಯೇ, ಚೀಸ್ ಒಂದೇ ಹಾಳೆಯಾಗಿ ಕಿತ್ತು ಬರುತ್ತದೆಯೇ, ಉಪ್ಪು ತಟ್ಟನೆ ಹೆಚ್ಚೆನಿಸುತ್ತದೆಯೇ ನೋಡಿ. ಒಳ್ಳೆಯ ಪಿಜ್ಜಾ ತಣಿದರೆ ಗರಿ ಕಡಿಮೆಯಾಗುತ್ತದೆ, ರುಚಿ ಉಳಿಯುತ್ತದೆ. ಹಿಟ್ಟಿಗೆ ತನ್ನದೇ ಪರಿಮಳ ಇದೆ ಎಂದು ತಿಳಿಯುವುದೂ ಆಗಲೇ. ಕಡಕ್ ರೊಟ್ಟಿಯನ್ನು ಬರಿದಾಗಿ ಅಗಿದಾಗ ಜೋಳದ ಸಿಹಿ ಬರುವಂತೆ.

ನನ್ನ ನೋಟ್‌ಬುಕ್‌ನಲ್ಲಿ ಹತ್ತು ಅಂಕಗಳಲ್ಲಿ ನಾಲ್ಕು ತಳ ಮತ್ತು ಅಂಚಿಗೆ, ಮೂರು ತಣಿದ ತುಂಡಿಗೆ, ಎರಡು ಚೀಸ್‌ಗೆ, ಒಂದು ಸಾಸ್‌ಗೆ. ಸಾಸ್‌ಗೆ ಒಂದೇ ಏಕೆಂದರೆ ಅದನ್ನು ಸರಿಪಡಿಸುವುದು ಸುಲಭ, ಅಂಗಡಿಯವರಿಗೆ ಹೇಳಿದರೆ ಮುಂದಿನ ವಾರವೇ ಬದಲಾಗಬಹುದು. ಹಿಟ್ಟು ಹಾಗಲ್ಲ.

10. ಗಾತ್ರ, ಬೆಲೆ, ಬಿಲ್

ಪಿಜ್ಜಾ ತಿನ್ನುವುದು ಅಂಗುಲದ ಲೆಕ್ಕದಲ್ಲಿ ಅಲ್ಲ, ಚದರ ಅಂಗುಲದ ಲೆಕ್ಕದಲ್ಲಿ. 7 ಅಂಗುಲದ ಪಿಜ್ಜಾ ಸುಮಾರು 38 ಚದರ ಅಂಗುಲ, 10 ಅಂಗುಲದ್ದು 79. ಅಂದರೆ 7 ಅಂಗುಲದ ಎರಡು ಸೇರಿದರೂ 10 ಅಂಗುಲದ ಒಂದಕ್ಕಿಂತ ತುಸು ಕಡಿಮೆಯೇ. ಸಣ್ಣದಕ್ಕೆ 140, ದೊಡ್ಡದಕ್ಕೆ 250 ರೂಪಾಯಿ ಇದ್ದರೆ ಎರಡು ಸಣ್ಣದು ತೆಗೆದುಕೊಂಡವರು 30 ರೂಪಾಯಿ ಹೆಚ್ಚು ಕೊಟ್ಟು ಅಂಚನ್ನಷ್ಟೇ ಹೆಚ್ಚು ತಿಂದಂತೆ. ಬಂದ ಕೂಡಲೇ ಗೇಣು ಇಟ್ಟು ನೋಡಿ. ಮೆನುವಿನ 10 ಅಂಗುಲ ತಟ್ಟೆಯಲ್ಲಿ 9 ಆಗಿದ್ದರೆ ಐದರಲ್ಲಿ ಒಂದು ಭಾಗವೇ ಹೋಯಿತು.

ಗೋಡೆಯಲ್ಲಿ ನೋಡಿದ ಆಹಾರ ಸುರಕ್ಷತೆಯ 14 ಅಂಕಿಯ ಸಂಖ್ಯೆ ಬಿಲ್ ಮೇಲೂ ಇರಬೇಕು. ಇಂಥ ರೆಸ್ಟೊರೆಂಟ್‌ಗಳಲ್ಲಿ ಜಿಎಸ್‌ಟಿ ಶೇ 5. ಕಾಂಪೊಸಿಷನ್ ಯೋಜನೆಯಲ್ಲಿರುವ, ಅಂದರೆ ತನ್ನ ವಹಿವಾಟಿನ ಮೇಲೆ ತಾನೇ ತೆರಿಗೆ ಕಟ್ಟುವ ಸಣ್ಣ ಅಂಗಡಿ ಗ್ರಾಹಕರಿಂದ ಜಿಎಸ್‌ಟಿ ಬೇರೆಯಾಗಿ ವಸೂಲಿ ಮಾಡುವಂತಿಲ್ಲ. ಸೇವಾ ಶುಲ್ಕವನ್ನು ಕೇಳದೆ ಬಿಲ್ಲಿಗೆ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ತೆಗೆಯಿರಿ ಎಂದರೆ ತೆಗೆಯಬೇಕು.

11. ಎರಡನೆಯ ಭೇಟಿ, ಆಮೇಲೆ ಪಾರ್ಸಲ್

ಆರು ಅಂಕ ದಾಟಿದ ಅಂಗಡಿಗೆ ಎರಡು ವಾರ ಬಿಟ್ಟು ಇನ್ನೊಮ್ಮೆ ಹೋಗಿ. ಈಗ ನಿಮಗೆ ಇಷ್ಟವಾದ ತರಕಾರಿ ಪಿಜ್ಜಾ ಹೇಳಿ. ಅಣಬೆ, ಟೊಮೆಟೊ ಇರುವಂಥದ್ದಾದರೆ ಇನ್ನೂ ಒಳ್ಳೆಯದು. ನೀರು ಬಿಡುವ ತರಕಾರಿಯನ್ನು ಮೊದಲೇ ಬಾಡಿಸಿ ಹಾಕುವವರು ತಮ್ಮ ಕೆಲಸ ಬಲ್ಲವರು. ಕೈ ಬದಲಾದರೆ ರುಚಿಯೂ ಬದಲಾಗುತ್ತದೆ, ಆದ್ದರಿಂದ ಅಂದು ಓವನ್ ಮುಂದೆ ಯಾರಿದ್ದರು ಎಂಬುದನ್ನೂ ಗಮನಿಸಿ.

ಪಾರ್ಸಲ್‌ನಿಂದ ಅಂಗಡಿಯನ್ನು ಅಳೆಯಬೇಡಿ. ಹುಬ್ಬಳ್ಳಿಯಲ್ಲಿ ಕಟ್ಟಿಸಿಕೊಂಡು ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಒಯ್ದು, ಮೆತ್ತಗಾಗಿತ್ತು ಎಂದು ದೂರುವ ಓದುಗರಿದ್ದಾರೆ. ಮುಚ್ಚಿದ ಡಬ್ಬಿಯಲ್ಲಿ ಆವಿ ಹೊರಹೋಗದೆ ಬೇಸ್‌ಗೇ ಇಳಿಯುತ್ತದೆ, 20 ಕಿಲೊಮೀಟರ್ ದಾರಿಯಲ್ಲಿ ಯಾವ ಪಿಜ್ಜಾವೂ ಉಳಿಯುವುದಿಲ್ಲ. ಒಯ್ಯಲೇಬೇಕೆಂದರೆ "ಕತ್ತರಿಸದೆ ಕೊಡಿ" ಎಂದು ಹೇಳಿ. ಕತ್ತರಿಸಿದ ಗೆರೆಗಳಿಂದಲೇ ಸಾಸ್ ತಳಕ್ಕೆ ಇಳಿಯುವುದು. ಡಬ್ಬಿಯ ಮುಚ್ಚಳವನ್ನು ಒಂದು ಬೆರಳಷ್ಟು ತೆರೆದಿಡಿ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಅದೂ ಸಾಲದು, ಅಂಗಡಿಯಲ್ಲೇ ಕುಳಿತು ತಿನ್ನಿ.

12. ಉಳಿದ ತುಂಡು

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಚಿಕನ್ ಇದ್ದರಂತೂ ರಾತ್ರಿಯಿಡೀ ಹೊರಗೆ ಬಿಡಲೇಬೇಡಿ. ಮರುದಿನ ರೊಟ್ಟಿ ಬೇಯಿಸುವ ತವೆಯನ್ನೇ ಸಣ್ಣ ಉರಿಯಲ್ಲಿ ಇಟ್ಟು, ಎಣ್ಣೆ ಹಾಕದೆ ತುಂಡನ್ನು ಇಡಿ. ಎರಡು ನಿಮಿಷದ ಮೇಲೆ ತುಂಡಿನ ಪಕ್ಕದಲ್ಲಿ ನಾಲ್ಕು ಹನಿ ನೀರು ಬಿಟ್ಟು ಮುಚ್ಚಿ. ತಳ ತವೆಯ ಶಾಖಕ್ಕೆ ಗರಿಯಾಗುತ್ತದೆ, ಆವಿಗೆ ಚೀಸ್ ಕರಗುತ್ತದೆ. ಇನ್ನೂ ಎರಡು ನಿಮಿಷಕ್ಕೆ ತೆಗೆದು, ಮತ್ತೊಮ್ಮೆ ಮಗುಚಿ ತಳ ನೋಡಿ. ನಿನ್ನೆ ಕಂಡ ಕಂದು ಚುಕ್ಕೆಗಳು ಗಾಢವಾಗಿ, ಹಿಟ್ಟಿನ ಪರಿಮಳ ಇನ್ನೂ ಉಳಿದಿದ್ದರೆ ಆ ಅಂಗಡಿಯ ಹೆಸರಿನ ಮುಂದೆ ಮೆಚ್ಚುಗೆಯ ಗುರುತು ಹಾಕಿಕೊಳ್ಳಿ.